ಅಂಗೈಯಿಂದ ಗೋಡೆ ನೋಡುವವಳು

ಗೊರೇಬಾಳದ ನಮ್ಮ ಮನೆಗೆ ಸುಣ್ಣ ಬಳಿಯಲು ಬರುತ್ತಿದ್ದ ಆ ಹೆಂಗಸು ಕುಂಚ ಹಿಡಿಯುವ ಮೊದಲು ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು, ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ತೇವ ತಾಕಿದರೆ, “ಹಸಿ ಗ್ವಾಡಿಗೆ ನಾ ಸುಣ್ಣ ಹಚ್ಚಂಗಿಲ್ಲ” ಎಂದು ಬಕೆಟ್ ಎತ್ತಿಕೊಂಡು ಹೊರಟೇಬಿಡುವಳು.

ಆ ವರ್ಷ ದಸರೆಗೆ ಮುಂಚೆ ಕರೆಸಿದೆವು. ಪಡಸಾಲೆಯ ಗೋಡೆಗೆ ಭತ್ತದ ಚೀಲಗಳನ್ನು ಜಂತಿಯವರೆಗೆ ಒಟ್ಟಿದ್ದೆವು. ಬಂದವರ ಕಣ್ಣಿಗೆ ಮೊದಲು ಅವೇ ಬೀಳಬೇಕೆಂಬುದು ನಮ್ಮತ್ತೆಯ ಆಸೆ. ಅವುಗಳ ಹಿಂದಿನಿಂದ ಕಪ್ಪು ಬೂಷ್ಟು ಇಣುಕುತ್ತಿತ್ತು. ನನ್ನ ಮಗಳು ಎರಡು ತಿಂಗಳಿಂದ ಕೆಮ್ಮುತ್ತಿದ್ದಳು.

“ಚೀಲ ಸರಸ್ರಿ,” ಎಂದಳು ಸುಣ್ಣದವಳು.

“ಮನಿ ಲಕ್ಷ್ಮೀನ್ನ ಸರಸಂತೀಯೇನು?” ಅತ್ತೆ ಸಿಡುಕಿದರು.

“ಲಕ್ಷ್ಮಿಗೂ ಗಾಳಿ ಬೇಕಲ್ರೀ ಯವ್ವಾ.”

ಚೀಲ ಸರಿದವು. ಮಗಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಬೂಷ್ಟನ್ನು ಸೋಪಿನ ನೀರಲ್ಲಿ ನೆನೆಸಿಯೇ ಉಜ್ಜಿದಳು. ಒಣಗಿದ್ದನ್ನು ಕೆರೆದರೆ ಅದರ ಧೂಳು ಎದೆಗಿಳಿಯುತ್ತದಂತೆ. ಕೊನೆಗೆ ಅಂಗೈ ಒತ್ತಿ ನೋಡಿ, ಬಕೆಟ್ ಎತ್ತಿಕೊಂಡು ಹೋದಳು. ಆ ದಸರೆಗೆ ನಮ್ಮ ಪಡಸಾಲೆ ಸುಣ್ಣ ಕಾಣಲಿಲ್ಲ. ಅತ್ತೆ ಅವಳ ಹೆಸರೆತ್ತುವುದನ್ನೇ ಬಿಟ್ಟರು.

ತಿಂಗಳಾದ ಮೇಲೆ ಕರೆಯದೆಯೇ ಬಂದಳು. ಚೀಲಗಳು ಗೋಡೆಯಿಂದ ಮೊಳ ದೂರದಲ್ಲಿ, ಹಲಗೆಯ ಮೇಲಿದ್ದವು. “ಗ್ವಾಡಿ ಮುಟ್ಟಿ ನೋಡು,” ಎಂದರು ಅತ್ತೆ.

ಅವಳು ಗೋಡೆಯ ಕಡೆ ಹೋಗಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳನ್ನು ಕರೆದು, ಬೆನ್ನಿಗೆ ಅಂಗೈ ಒತ್ತಿ, ಉಸಿರು ಆಲಿಸುತ್ತ ಸುಮಾರು ಹೊತ್ತು ನಿಂತಳು.

“ಸುಣ್ಣ ಕಲಸ್ರಿ ಯವ್ವಾ,” ಎಂದಳು.