ತೂಕದ ಕೈ
ಬಸವೇಶ್ವರನಗರದ ಆ ಬೀದಿಯಲ್ಲಿ ಬಿಂದುವಿನ ಕೈಗೆ ಸಿಗದ ಮಗುವಿಲ್ಲ. ನರ್ಸಿಂಗ್ ಕೊನೆಯ ವರ್ಷದಲ್ಲಿರುವ ಈ ಹುಡುಗಿಗೆ ಮಗು ಕಂಡರೆ ಮುದ್ದು ಆಮೇಲೆ, ತೂಕ ಮೊದಲು. ಎತ್ತಿಕೊಂಡು, ಕಣ್ಣು ಅರೆಮುಚ್ಚಿ, ಎಲ್ಲೋ ದೂರದ ಹಾಡು ಕೇಳಿಸಿದವಳಂತೆ ಒಂದು ಗಳಿಗೆ ನಿಂತು, "ಒಂಬತ್ತೂವರೆ ಕೆ.ಜಿ. ಆಂಟಿ, ಹೋದ ತಿಂಗಳಿಗಿಂತ ಇನ್ನೂರು ಗ್ರಾಂ ಕಮ್ಮಿ. ಸರಿಯಾಗಿ ತಿಂತಿಲ್ವಾ?" ಎನ್ನುತ್ತಾಳೆ. ಮಕ್ಕಳ ಔಷಧಿಯೆಲ್ಲ ತೂಕ ನೋಡಿಯೇ ಕೊಡುವುದು ಎಂಬುದು ಅವಳ ನಿತ್ಯಜಪ. ಕ್ಲಿನಿಕ್ಕಿನ ತಕ್ಕಡಿ ತಪ್ಪಬಹುದು, ಬಿಂದು ತಪ್ಪಲಾರಳು ಎಂದು ಬೀದಿಯೇ ನಂಬಿದೆ. ಗ್ಯಾಸ್ ಸಿಲಿಂಡರ್ ತರುವವನು ಅವಳಿಗೆ ಕೊಂಚ ಹೆದರುತ್ತಾನೆ. "ಮಕ್ಕಳ ವಾರ್ಡ್ ಯಾಕೇ, ಬರೀ ಅಳು. ಕಣ್ಣಾಸ್ಪತ್ರೆ ಸೇರ್ಕೊ," ಎಂದು ಚಿಕ್ಕಮ್ಮ ಅಂದಾಗಲೆಲ್ಲ ನಕ್ಕು, ಕೈಯಲ್ಲಿದ್ದ ಟವೆಲ್ಲನ್ನು ಮಡಿಸುತ್ತ ಮಡಿಸುತ್ತ ಕನಸಿಗೆ ಜಾರುತ್ತಾಳೆ, ಆ ಟವೆಲ್ಲಿಗೂ, ಎಳೆಗೂಸಿಗೆಂಬಂತೆ, ಕತ್ತಿನ ಕೆಳಗೆ ಅವಳ ಅಂಗೈಯ ಆಸರೆ. ಭಾನುವಾರ ವಿಜಯನಗರದ ಮಾರ್ಕೆಟ್ಟಿನಲ್ಲಿ ಒಂದು ಪುಟ್ಟ ಪರಂಗಿ ಹಣ್ಣನ್ನು ಆರಿಸಿ, ಎಡತೋಳಿನ ಮೇಲೆ ಮಲಗಿಸಿಕೊಂಡು, ಅಷ್ಟು ಗದ್ದಲದ ನಡುವೆ ಸುಮ್ಮನೆ ನಿಂತುಬಿಡುತ್ತಾಳೆ. "ತಗೊಂಡೋಗಮ್ಮ, ಒಂದು ಕೆ.ಜಿ. ಇನ್ನೂರು ಗ್ರಾಂ ಬರುತ್ತೆ," ಎನ್ನುತ್ತಾರೆ ಹಣ್ಣಿನ ಅಂಜನಮ್ಮ. "ಗೊತ್ತು ಅಜ್ಜಿ," ಎಂದು ಅದನ್ನು ಮೆಲ್ಲಗೆ ರಾಶಿಯ ಮೇಲೆ ಮಲಗಿಸಿ ಬರುತ್ತಾಳೆ. ಅವಳಮ್ಮನ ಬೀರುವಿನಲ್ಲಿ ಹಳೆಯ ಆಸ್ಪತ್ರೆ ಚೀಟಿಯೊಂದಿದೆ. ಒಂಬತ್ತು ದಿನ ಬದುಕಿದ್ದ ತಮ್ಮನ ತೂಕವೂ ಅದರಲ್ಲಿ ಒಂದು ಕೆ.ಜಿ. ಇನ್ನೂರು ಗ್ರಾಂ ಎಂದೇ ಇದೆ. ಆರು ವರ್ಷದ ಅಕ್ಕ ಬಿಂದುವನ್ನು ಆಗ ಶಿಶು ವಾರ್ಡಿನ ಗಾಜಿನ ಹೊರಗೇ ನಿಲ್ಲಿಸಿದ್ದರು.