ಹೂ ಕಾಣದೆ ಹೆಸರಿಡದವರು

ಕಾಡುಹಾಗಲ, ಕಾಡುತೊಂಡೆ, ಕಾಡುಪಡವಲಗಳ ಒಳಹೊರಗು ಬಲ್ಲವರನ್ನು ಸಸ್ಯಶಾಸ್ತ್ರದ ವಲಯದಲ್ಲಿ ಬೆರಳು ಮಡಚಿ ಎಣಿಸುವುದಾದರೆ, ಮೊದಲ ಬೆರಳು ಮಡಚುವುದು ನಮ್ಮ ‘ಬಳ್ಳಿ ಮೇಡಂ’ ಅವರಿಗಾಗಿ. ಮೂವತ್ತೊಂದು ವರ್ಷ ಸಸ್ಯ ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಒಣಗಿದ ಬಳ್ಳಿಗಳನ್ನು ಹಾಳೆಗೆ ಹೊಲಿದು, ಹೆಸರು ಬರೆದು, ಈಗ ನಿವೃತ್ತರಾಗುತ್ತಿರುವ ಅವರ ನಿಯಮ ಒಂದೇ: ಹೂ ಕಂಡ ಮೇಲೆ ಶಾಯಿ, ಅಲ್ಲಿಯವರೆಗೆ ಪೆನ್ಸಿಲ್.

ಈ ನಿಯಮದ ಬಿಸಿ ಇದನ್ನು ಬರೆಯುತ್ತಿರುವ ಶಿಷ್ಯೆಗೂ ತಟ್ಟಿದೆ. ಸಂಶೋಧನೆಗೆ ಸೇರಿದ ಎರಡನೆಯ ವರ್ಷ ಆಕೆ ಒಂದೇ ಬೇಲಿಯಿಂದ ಐದು ಸೀಳಿನ ಎಲೆಯೊಂದನ್ನೂ ಹೃದಯದಾಕಾರದ ಎಲೆಯೊಂದನ್ನೂ ಕಿತ್ತು ತಂದು, ಎರಡನೆಯದು ಹೊಸ ಪ್ರಭೇದವೆಂದು ಶಾಯಿಯಲ್ಲೇ ಬರೆದು, ಗೆಳತಿಯರ ಮುಂದೆಲ್ಲ ಟಾಂಟಾಂ ಮಾಡಿದ್ದಳು. ಮೇಡಂ ಬೈಯಲಿಲ್ಲ. ಅದೇ ಬೇಲಿಗೆ ಕರೆದೊಯ್ದು, ಬಳ್ಳಿಯನ್ನು ಕೈಯಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಹೋಗಲು ಹೇಳಿದರು. ಬುಡದಲ್ಲಿ ಸೀಳೆಲೆ, ತುದಿಯಲ್ಲಿ ಹೃದಯದೆಲೆ, ಬಳ್ಳಿ ಒಂದೇ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಶಿಷ್ಯೆಗೆ. ಮರಳಿದ ಮೇಲೆ ಮೇಡಂ ಬೀರುವಿನಿಂದ ಹಳೆಯ ಹಾಳೆಯೊಂದನ್ನು ತೆಗೆದು ಮುಂದಿಟ್ಟರು. ಅದೇ ತಪ್ಪು, ಅವರದೇ ಕೈಬರಹ. ಸಂಶೋಧನ ಪತ್ರಿಕೆಯಲ್ಲಿ ಅಚ್ಚೂ ಆಗಿತ್ತು. ಅದನ್ನು ತಪ್ಪೆಂದು ಬರೆದು ಪ್ರಕಟಿಸಿದವರೂ ಅವರೇ. ಇಂಥವರ ಶಿಷ್ಯೆ ಎಂಬ ಹೆಮ್ಮೆ ಅಂದು ಏರಿದ್ದು ಇನ್ನೂ ಇಳಿದಿಲ್ಲ.

ಕಳೆದ ತಿಂಗಳು ಆ ಹೆಮ್ಮೆಯೇ ಆಕೆಯನ್ನು ಮತ್ತೆ ಪೇಚಿಗೆ ಸಿಕ್ಕಿಸಿತು. ಇನ್ನೂ ಶಾಯಿ ಕಾಣದ ಪೆನ್ಸಿಲ್ ಹಾಳೆಗಳ ಕಟ್ಟಿನಲ್ಲಿ ಉಳಿದಿರುವುದು ಒಂದೇ ಹಾಳೆ: ಹದಿನೆಂಟು ವರ್ಷಗಳ ಹಿಂದೆ ಕಲ್ಲುಗಣಿಯ ಅಂಚಿನಲ್ಲಿ ಸಿಕ್ಕ, ಇಂದಿಗೂ ಹೂಬಿಡದ ಬಳ್ಳಿ. ಮೇಡಂ ನಿವೃತ್ತಿಗೆಂದು ಶಿಷ್ಯರೆಲ್ಲ ಸೇರಿ ತರುತ್ತಿರುವ ಈ ಅಭಿನಂದನ ಸಂಪುಟದಲ್ಲೇ ಅದಕ್ಕೆ ಗುರುಗಳ ಹೆಸರಿಟ್ಟು ಒಪ್ಪಿಸಬೇಕೆಂದು ಶಿಷ್ಯೆ ಗುಟ್ಟಾಗಿ ಸಿದ್ಧತೆ ನಡೆಸಿದ್ದಳು. ಗುಟ್ಟು ಮೇಡಂ ಕಿವಿಗೆ ಬಿತ್ತು.

“ಹೂ ನೋಡಿದ್ಯಾ?” ಎಂದು ಕೇಳಿದರು.

“ಇಲ್ಲ ಮೇಡಂ. ಆದ್ರೆ ಆ ಎಲೆ ಬೇರೆ ಯಾವುದನ್ನೂ ಹೋಲೋದಿಲ್ಲ. ನೀವು ರಿಟೈರ್ ಆಗೋದ್ರೊಳಗೆ ನಿಮ್ಮ ಹೆಸರು ಇಡ್ಬೇಕು ಅಂತ ಆಸೆ.”

“ನನ್ನ ಹೆಸರು ಅಂದ ತಕ್ಷಣ ನಿಯಮ ಬೇರೆನಾ? ಪೆನ್ಸಿಲ್‌ನಲ್ಲೇ ಇರ್ಲಿ.”

ಆದ್ದರಿಂದ ಈ ಸಂಪುಟದಲ್ಲಿ ಆ ಪ್ರಭೇದವಿಲ್ಲ. ಹಾಳೆಯ ಮೂಲೆಯಲ್ಲಿ ಗುರುಗಳ ಹೆಸರನ್ನು ಶಿಷ್ಯೆ ಪೆನ್ಸಿಲಿನಲ್ಲೇ ಬರೆದಿಟ್ಟಿದ್ದಾಳೆ. ನಿವೃತ್ತಿಯ ಮರುದಿನವೇ ಕಲ್ಲುಗಣಿಗೆ ಹೋಗಲು ಮೇಡಂ ಈಗಾಗಲೇ ಬಸ್ಸಿನ ಹೊತ್ತು ವಿಚಾರಿಸಿಕೊಂಡಿದ್ದಾರೆ. ಅವರಿಗೆ ದೀರ್ಘಾಯುಸ್ಸನ್ನು ಎಲ್ಲರೂ ಕೋರುವರು. ಶಿಷ್ಯೆಯ ಕೋರಿಕೆಯಲ್ಲಿ ಮಾತ್ರ ಸ್ವಲ್ಪ ಸ್ವಾರ್ಥವಿದೆ. ಆ ಬಳ್ಳಿ ಎಷ್ಟೇ ತಡಮಾಡಲಿ, ಅದರ ಮೊದಲ ಹೂವನ್ನು ಮೇಡಂ ಅವರೇ ಕಣ್ಣಾರೆ ಕಂಡು, “ಈಗ ಬರಿ” ಎನ್ನಲಿ. ಪೆನ್ನಿಗೆ ಶಾಯಿ ತುಂಬಿಸಿಟ್ಟಾಗಿದೆ.