ಹತ್ತದ ಕೆಂಪು ದೀಪ

ಎಲ್ಲರೂ ‘ಅಕ್ಕ’ ಎಂದು ಕರೆಯುವ ಆ ಮೆಕ್ಯಾನಿಕ್ಕನ್ನು ನಾನು ಮೊದಲು ನೋಡಿದ್ದು ಬಾಡಿಗೆ ಕಾರಿನ ಮುಂದಿನ ಸೀಟಿನಿಂದ. ಗುಡ್ಡದ ಮೇಲಿನ ಊರಿಗೆ ಹೊರಟಿದ್ದೆ. ಗ್ಯಾರೇಜಿನ ಬಾಗಿಲಲ್ಲಿ ಡ್ರೈವರ್ ಕೀ ತಿರುಗಿಸಿದ್ದ, ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಪಕ್ಕದ ಗಾಡಿಯಡಿಯಿಂದ ಎದ್ದುಬಂದ ಹೆಂಗಸೊಬ್ಬರು ಕಿಟಕಿಯೊಳಗೆ ಬಗ್ಗಿದರು. ಸೈಕಲ್ ಟ್ಯೂಬಿನ ತುಂಡಿನಿಂದ ಕೂದಲು ಕಟ್ಟಿದ್ದರು, ಮೊಣಕೈವರೆಗೂ ಮಸಿ. ಸ್ಟೀರಿಂಗಿನ ಹಿಂದಿನ ಮೀಟರು ನೋಡಿದವರೇ ಕೈ ಹಾಕಿ ಕೀ ಕಿತ್ತುಕೊಂಡರು.

“ಆಯಿಲ್ ಲೈಟ್ ಎಲ್ಲಿ?”

“ಆರಿದೆಯಲ್ಲ ಅಕ್ಕಾ! ನಿಮ್ಮಣ್ಣ ಸ್ವಿಚ್ ಬದಲಾಯಿಸಿದ್ರು,” ಎಂದ ಡ್ರೈವರ್.

“ಕೀ ತಿರುಗಿಸಿದಾಗ ಹತ್ತಬೇಕು ಕಣಯ್ಯ, ಎಂಜಿನ್ ಓಡಿದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಯಾರೋ ಅದರ ಬಾಯಿ ಕಟ್ಟಿದ್ದಾರೆ.”

ಬಾನೆಟ್ ಎತ್ತಿದರು. ಆಯಿಲ್ ಒತ್ತಡ ಬಿದ್ದರೆ ಆ ಕೆಂಪು ದೀಪ ಹತ್ತಿಸುವ ಸ್ವಿಚ್ಚೇನೋ ಹೊಸದೇ. ಆದರೆ ಅದರ ವೈರನ್ನು ಯಾರೋ ಕಳಚಿ, ಟೇಪು ಸುತ್ತಿ, ಪೈಪಿನ ಹಿಂದೆ ಸಿಕ್ಕಿಸಿದ್ದರು.

ಗ್ಯಾರೇಜು ನಡೆಸುವ ಅಣ್ಣ ಹೊರಗೆ ಬಂದ. “ಹೊಸದು ಹಾಕಿದ್ರೂ ಲೈಟ್ ಆರ್ಲಿಲ್ಲ. ಇವನು ಅವಸರ ಅಂತ ತಲೆ ತಿಂದ, ವೈರ್ ಕಳಚಿಟ್ಟೆ. ನಾಳೆ ನೋಡೋಣ, ಬಿಡೇ.”

“ಗೇಜ್ ಹಾಕಿ ನೋಡಿದ್ಯಾ?”

“ಗಿರಾಕಿ ಮುಂದೆ ನನಗೇ ಪರೀಕ್ಷೆನಾ?”

“ನಿನಗಲ್ಲ, ಎಂಜಿನ್ನಿಗೆ. ನಿನ್ನ ರಿಸಲ್ಟು ಆಗ್ಲೇ ಬಂತಲ್ಲ!”

ಆಯಿಲ್ ಮಟ್ಟ ಸರಿಯಾಗಿತ್ತು. ಸ್ವಿಚ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಗೇಜು ಕೂರಿಸಿ ಸ್ಟಾರ್ಟ್ ಮಾಡಿಸಿದರು. ಮುಳ್ಳು ಸೊನ್ನೆಯ ಪಕ್ಕದಲ್ಲಿ ನಡುಗಿ ಅಲ್ಲೇ ನಿಂತಿತು. ತಕ್ಷಣ ಎಂಜಿನ್ ನಿಲ್ಲಿಸಿದರು.

“ಆಯಿಲ್ ಪಂಪ್ ಹೋಗಿದೆ. ಗುಡ್ಡ ಹತ್ತೋದ್ರೊಳಗೆ ಎಂಜಿನ್ ಬಿಗಿದು ಸೀಜ್ ಆಗ್ತಿತ್ತು. ಆಮೇಲೆ ಇವನು ಹೆಂಡತಿ ಮಕ್ಕಳಿಗೆ ಸ್ಟೀರಿಂಗ್ ಬೇಯಿಸಿ ಹಾಕ್ಬೇಕಿತ್ತು!”

ಇಷ್ಟು ಕೇಳಿಯೂ ಡ್ರೈವರ್ ಹಲ್ಲು ಕಿರಿದ. “ಇದೊಂದು ಟ್ರಿಪ್ ಹೋಗಿಬರ್ತೀನಿ ಅಕ್ಕಾ.” ನನಗೆ ಮೈಯೆಲ್ಲ ಉರಿಯಿತು, ಆ ಟ್ರಿಪ್ಪಿನಲ್ಲಿ ನಾನೂ ಇದ್ದೆನಲ್ಲ.

“ಗಾಡಿ ಅವನದು, ಕೀ ಕೊಡು,” ಎಂದ ಅಣ್ಣ. “ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಅಕ್ಕ ಕೀಯನ್ನು ಜೇಬಿಗಿಳಿಸಿದರು. “ಅಪ್ಪ ಕಟ್ಟಿದ ಜಾಗ ಇದು. ಅವರು ಇಲ್ಲಿ ಯಾರ ಕಣ್ಣಿಗೂ ಮಣ್ಣೆರಚಲಿಲ್ಲ. ಪಂಪ್ ಹಾಕಿ ಹೋಗ್ತೀನಿ. ಕರೆದ್ರೂ ಬರಲ್ಲ.”

ಸಂಜೆಯವರೆಗೆ ಒಬ್ಬರೇ ಪಂಪ್ ಬದಲಾಯಿಸಿದರು. ಮತ್ತೆ ಗೇಜು ಹಾಕಿ, ಮುಳ್ಳು ಮೇಲೇರಿದ್ದನ್ನು ಡ್ರೈವರನ ಕತ್ತು ಬಗ್ಗಿಸಿ ತೋರಿಸಿದರು. ಆಮೇಲೆ ಸ್ವಿಚ್ ಕೂರಿಸಿ ವೈರು ಜೋಡಿಸಿ, ತಮ್ಮ ಸ್ಪ್ಯಾನರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟರು. ಅಣ್ಣ ತಡೆಯಲಿಲ್ಲ. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕ ಈಗ ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡುತ್ತಾರೆ.